ತುಪ್ಪಕ್ಕೆ ಬಿದ್ದ ವೀಳ್ಯದೆಲೆ

ಬೆಣ್ಣೆ ಕಾಯಿಸುವಾಗ ನೊರೆ ಇಳಿದು ತಳದ ಗಸಿ ಕೆಂಪಗಾಗುವ ಹೊತ್ತಿಗೆ ಒಂದು ವೀಳ್ಯದೆಲೆ ಹರಿದು ಹಾಕುವ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಕೆಲವರು ನುಗ್ಗೆಸೊಪ್ಪು ಹಾಕುತ್ತಾರೆ, ಕೆಲವರು ಕರಿಬೇವು. ಘಮಕ್ಕೆ ಹಾಕುವುದು ಎನ್ನುವವರುಂಟು, ತುಪ್ಪ ಬೇಗ ಕೆಡಬಾರದೆಂದು ಹಾಕುವುದು ಎನ್ನುವವರೂ ಉಂಟು. ಎರಡೂ ನಿಜ. ವೀಳ್ಯದೆಲೆಯಲ್ಲಿರುವ ಯೂಜೆನಾಲ್, ಹೈಡ್ರಾಕ್ಸಿಚವಿಕಾಲ್ ಎಂಬ ಫೀನಾಲ್‌ಗಳು, ಕೊಬ್ಬು ಗಾಳಿಯ ಆಮ್ಲಜನಕದೊಡನೆ ಕೂಡಿ ಕಮಟಾಗುವುದನ್ನು ಮುಂದಕ್ಕೆ ಹಾಕುತ್ತವೆ. ಹೈನು ವಿಜ್ಞಾನಿಗಳು ಇದನ್ನು ಪ್ರಯೋಗಾಲಯದಲ್ಲಿ ಅಳೆದೂ ನೋಡಿದ್ದಾರೆ. ಹೆಚ್ಚಿದ ಬಾಳೆದಿಂಡನ್ನು ಮಜ್ಜಿಗೆ ನೀರಿಗೆ ಹಾಕುವುದು, ಬದನೆಕಾಯಿ ಹೋಳನ್ನು ನೀರಿನಲ್ಲಿ ಮುಳುಗಿಸಿಡುವುದು, ಉಪ್ಪಿನಕಾಯಿಯ ಮೇಲೆ ನಾಲ್ಕು ಬೆರಳು ಎಳ್ಳೆಣ್ಣೆ ನಿಲ್ಲಿಸುವುದು, ಇವೂ ಆಮ್ಲಜನಕದ ಮೇಲೆ ಅಡುಗೆಮನೆ ಹೂಡಿದ ಯುದ್ಧದ ತಂತ್ರಗಳೇ. ಎಳ್ಳೆಣ್ಣೆ ಬೇರೆ ಎಣ್ಣೆಗಳಿಗಿಂತ ನಿಧಾನವಾಗಿ ಕಮಟಾಗಲು ಅದರೊಳಗಿನ ಸೆಸಮಾಲ್ ಮುಂತಾದವೇ ಕಾರಣ.

ಇಷ್ಟು ಕೆಲಸ ಮಾಡುವ ವಸ್ತುವಿಗೇ ಆ್ಯಂಟಿ ಆಕ್ಸಿಡೆಂಟ್ ಎಂದು ಹೆಸರು. ಸೂಪರ್ ಮಾರ್ಕೆಟ್ಟಿನಲ್ಲಿ ನಿಂತು ಒಂದು ಪೊಟ್ಟಣವನ್ನು ತಿರುಗಿಸಿ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ‘ಆ್ಯಂಟಿ ಆಕ್ಸಿಡೆಂಟ್‌ಗಳಿಂದ ಸಮೃದ್ಧ’ ಎಂದಿರುತ್ತದೆ. ಗ್ರೀನ್ ಟೀ, ಓಟ್ಸ್, ಜ್ಯೂಸು, ಕಡೆಗೆ ಬಿಸ್ಕತ್ತಿನ ಮೇಲೂ. ಅದೇ ಅಂಗಡಿಯ ಕುರುಕಲು ತಿಂಡಿಯ ಪೊಟ್ಟಣದ ಹಿಂಬದಿಯಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ‘ಆ್ಯಂಟಿ ಆಕ್ಸಿಡೆಂಟ್ (ಐಎನ್‌ಎಸ್ 319)’ ಎಂದಿರುತ್ತದೆ. ಅದು ಟಿಬಿಎಚ್‌ಕ್ಯೂ ಎಂಬ ಸಂರಕ್ಷಕ, ಎಣ್ಣೆ ಕಮಟಾಗದಿರಲು ಸೇರಿಸಿದ್ದು. ಮುಂದೆ ಬರೆದದ್ದನ್ನು ನೋಡಿ ಕೊಳ್ಳುತ್ತೇವೆ, ಹಿಂದೆ ಬರೆದದ್ದನ್ನು ಓದಿದರೆ ಹೆದರುತ್ತೇವೆ. ಎರಡೂ ಕಡೆ ಹೇಳುತ್ತಿರುವ ಗುಣ ಒಂದೇ. ಹಿಂಬದಿಯ ಮಾತಿಗೆ ಪುರಾವೆ ಗಟ್ಟಿಯಾಗಿದೆ, ಪೊಟ್ಟಣದೊಳಗಿನ ಎಣ್ಣೆ ನಿಜಕ್ಕೂ ಬೇಗ ಕೆಡುವುದಿಲ್ಲ. ಮುಂಭಾಗದ ಮಾತು ನಮ್ಮ ಮೈಯೊಳಗೂ ಹಾಗೆಯೇ ನಡೆಯುತ್ತದೆ ಎಂದು ಆಸೆ ಹುಟ್ಟಿಸುತ್ತದೆ. ಅಲ್ಲಿಯೇ ತೊಡಕು ಶುರು.

ಉಸಿರಾಡುವ ಜೀವಕ್ಕೆ ಆಮ್ಲಜನಕ ಬೇಕು. ಜೀವಕೋಶಗಳು ಅದನ್ನು ಬಳಸಿ ಅನ್ನದಿಂದ ಶಕ್ತಿ ತೆಗೆಯುವಾಗ ಒಂದಿಷ್ಟು ಪಾಲು ಅರೆಬರೆ ರೂಪದಲ್ಲಿ ಉಳಿದುಬಿಡುತ್ತದೆ. ಇವೇ ಫ್ರೀ ರ್‍ಯಾಡಿಕಲ್‌ಗಳು, ಎಲೆಕ್ಟ್ರಾನ್‌ ಒಂದು ಜೋಡಿಯಿಲ್ಲದೆ ಒಂಟಿಯಾಗಿರುವ ಕಣಗಳು. ಕೈ ಬರಿದಾದವನು ಪಕ್ಕದವನ ಹತ್ತಿರ ಕೈಸಾಲ ಎತ್ತಿ, ಆ ಪಕ್ಕದವನು ಇನ್ನೊಬ್ಬನ ಬಾಗಿಲಿಗೆ ಹೋಗಿ, ಬೀದಿಗೆ ಬೀದಿಯೇ ಸಾಲದಲ್ಲಿ ಬೀಳುವಂತೆ ಈ ಕಣಗಳು ಒಂದರಿಂದ ಒಂದು ಎಲೆಕ್ಟ್ರಾನ್ ಕಸಿಯುತ್ತ ಹೋಗುತ್ತವೆ. ಕೊಬ್ಬು, ಪ್ರೊಟೀನು, ಡಿಎನ್‌ಎ ಯಾವುದಕ್ಕೂ ರಿಯಾಯಿತಿ ಇಲ್ಲ. ಒಂದು ಎಲೆಕ್ಟ್ರಾನ್ ಕೊಟ್ಟೂ ತಾನು ಬೀದಿಗೆ ಬೀಳದ ಅನುಕೂಲಸ್ಥ ನಡುವೆ ಸಿಕ್ಕರೆ ಸರಪಳಿ ತುಂಡಾಗುತ್ತದೆ. ವಿಟಮಿನ್ ಸಿ, ವಿಟಮಿನ್ ಇ, ಕ್ಯಾರೋಟಿನ್‌ಗಳು, ಸಸ್ಯಗಳ ಪಾಲಿಫೀನಾಲ್‌ಗಳು ಆ ಸಾಲಿಗೆ ಸೇರಿದವು.

1956ರಲ್ಲಿ ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್, ಮುಪ್ಪಿಗೆ ಮೂಲ ಈ ರ್‍ಯಾಡಿಕಲ್‌ಗಳೇ ಇರಬಹುದು ಎಂಬ ವಾದ ಮುಂದಿಟ್ಟರು. ಮೊದಲಿಗೆ ಹೆಚ್ಚು ಜನ ಕಿವಿಗೊಡಲಿಲ್ಲ. 1969ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕಾರ್ಡ್ ಮತ್ತು ಅರ್ವಿನ್ ಫ್ರಿಡೋವಿಚ್, ಇವುಗಳನ್ನು ಅಡಗಿಸುವುದಕ್ಕೆಂದೇ ದೇಹದಲ್ಲಿ ಒಂದು ಕಿಣ್ವ ಇದೆಯೆಂದು ತೋರಿಸಿದ ಮೇಲೆ ಚಿತ್ರ ಬದಲಾಯಿತು. ದೇಹ ಇಷ್ಟು ಮುತುವರ್ಜಿ ವಹಿಸಿದೆಯೆಂದ ಮೇಲೆ ಶತ್ರು ನಿಜವಾದದ್ದೇ ಇರಬೇಕು! ಅಲ್ಲಿಂದ ಮುಂದೆ ಆ್ಯಂಟಿ ಆಕ್ಸಿಡೆಂಟ್ ಯಾವ ಹಣ್ಣಿನಲ್ಲಿ ಎಷ್ಟು, ಯಾವ ಸೊಪ್ಪಿನಲ್ಲಿ ಎಷ್ಟು ಎಂದು ಅಳೆಯುವ ಕೆಲಸ ಭರದಿಂದ ನಡೆಯಿತು.

ಹಾಗೆ ಅಳೆದವರಲ್ಲಿ ನಾರ್ವೆಯ ಓಸ್ಲೊ ವಿಶ್ವವಿದ್ಯಾಲಯದವರದು ದೊಡ್ಡ ಪಟ್ಟಿ. 2010ರಲ್ಲಿ ಪ್ರಕಟವಾದ ಅದರಲ್ಲಿ ಲೋಕದ ನಾನಾ ಮೂಲೆಗಳಿಂದ ತಂದ 3,100ಕ್ಕೂ ಹೆಚ್ಚು ತಿನಿಸು, ಪಾನೀಯ, ಮಸಾಲೆಗಳಿವೆ. ಸಸ್ಯಮೂಲದ ಆಹಾರದ ಸರಾಸರಿ 100 ಗ್ರಾಂಗೆ 11.57 ಮಿಲಿಮೋಲ್, ಪ್ರಾಣಿಮೂಲದ್ದು ಬರೀ 0.18. ಪಟ್ಟಿಯ ತುದಿಯಲ್ಲಿರುವ ಹೆಸರುಗಳಲ್ಲಿ ನಮಗೆ ಗೊತ್ತಿರುವವೇ ಎರಡು: ಲವಂಗ ಮತ್ತು ಒಣಗಿಸಿದ ನೆಲ್ಲಿಕಾಯಿ. ಒಣನೆಲ್ಲಿಗೆ 261.5, ಲವಂಗಕ್ಕೆ ಸರಾಸರಿ 277. ಇದನ್ನು ಓದಿ ಹಿಗ್ಗುವ ಮೊದಲು ಒಂದು ಪ್ರಶ್ನೆ: 100 ಗ್ರಾಂ ಲವಂಗ ಯಾರು ತಿನ್ನುತ್ತಾರೆ? ಪಲಾವಿಗೆ ಹಾಕಿದ ನಾಲ್ಕು ಮೊಗ್ಗನ್ನೂ ತಟ್ಟೆಯ ಅಂಚಿಗೆ ಸರಿಸುವವರು ನಾವು.

ನೆಲ್ಲಿಕಾಯಿಯ ವಿಷಯ ಹಾಗಲ್ಲ. ತುಳಸಿ ಹಬ್ಬಕ್ಕೆ ಕಾಯಿ ಸಮೇತ ಕೊಂಬೆ ತಂದು ನೆಡುವ ಕಾರ್ತಿಕದಿಂದ ಹಿಡಿದು ಸಂಕ್ರಾಂತಿ ಕಳೆಯುವವರೆಗೂ ಬೆಟ್ಟದ ನೆಲ್ಲಿ ಸಂತೆಯಲ್ಲಿ ಗುಡ್ಡೆ ಗುಡ್ಡೆ. ಅದನ್ನು ಲೆಕ್ಕಕ್ಕೆ ಬರುವಷ್ಟು ತಿನ್ನಬಹುದು: ಉಪ್ಪು ಖಾರ ಹಚ್ಚಿ ಹಸಿಯಾಗಿ, ತಂಬುಳಿಯಾಗಿ, ಚಿತ್ರಾನ್ನಕ್ಕೆ ತುರಿದು, ಬೇಯಿಸಿ ಒಣಗಿಸಿದ ನೆಲ್ಲಿಚಟ್ಟಾಗಿ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ 100 ಗ್ರಾಂ ನೆಲ್ಲಿಗೆ 600 ಮಿಲಿಗ್ರಾಂ ವಿಟಮಿನ್ ಸಿ ಎಂದಿತ್ತು. ಅದೇ ಸಂಸ್ಥೆ 528 ಆಹಾರಗಳನ್ನು ಹೊಸದಾಗಿ ಪರೀಕ್ಷಿಸಿ 2017ರಲ್ಲಿ ತಂದ ಪುಸ್ತಕದಲ್ಲಿ ಅದು ಸುಮಾರು 250ಕ್ಕೆ ಇಳಿದಿದೆ. ಜಾಹೀರಾತುಗಳು ಇನ್ನೂ ಹಳೆಯ ಅಂಕಿಯನ್ನೇ ಹೇಳುತ್ತಿವೆ, ಅದಕ್ಕೆ ಕಾರಣ ಹೇಳಬೇಕಿಲ್ಲ. ಇಳಿದರೂ ಚಿಂತೆಯಿಲ್ಲ. ವಯಸ್ಕ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ಸಾಕು ಎಂಬುದು ಅದೇ ಸಂಸ್ಥೆಯ ಶಿಫಾರಸು. ಎರಡು ಕಾಯಿಯಲ್ಲಿ ಆ ದಿನದ ಲೆಕ್ಕ ಮುಗಿಯಿತು.

ಅದೇ ಪುಸ್ತಕದಲ್ಲಿ ಸೀಬೆಹಣ್ಣಿನ ಸಾಲು ನೋಡಬೇಕು. 100 ಗ್ರಾಂಗೆ 200 ಮಿಲಿಗ್ರಾಂಗಿಂತ ಜಾಸ್ತಿ. ಕಿತ್ತಳೆಯಲ್ಲಿ 40ರ ಆಸುಪಾಸು, ಸೇಬಿನಲ್ಲಿ 5 ಕೂಡ ದಾಟುವುದಿಲ್ಲ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವಾಗ ಸೇಬು ಒಯ್ಯುವ, ಹಿತ್ತಿಲ ಸೀಬೆಯನ್ನು ಅಳಿಲಿಗೆ ಬಿಡುವ ನಮ್ಮ ರೂಢಿಗೆ ಯಾವ ಪೋಷಣಾಶಾಸ್ತ್ರವೂ ಹೊಣೆಯಲ್ಲ. ಸೀಬೆ ಅಗ್ಗ, ಅದೇ ಅದರ ತಪ್ಪು.

ವಿಟಮಿನ್ ಸಿ ಪತ್ತೆಯಾದ ಕಥೆಗೂ ನಮ್ಮ ಹಾವೇರಿ ಜಿಲ್ಲೆಗೂ ದೂರದ ನೆಂಟಸ್ತನವಿದೆ. ಹಂಗೇರಿಯ ಸೆಗೆಡ್ ಪಟ್ಟಣ ಪ್ಯಾಪ್ರಿಕಾ ಮೆಣಸಿನಕಾಯಿಗೆ ಹೆಸರುವಾಸಿ. ಅಲ್ಲಿದ್ದ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಈ ಜೀವಸತ್ವವನ್ನು ಸಾಕಷ್ಟು ಪ್ರಮಾಣದಲ್ಲಿ ಬೇರ್ಪಡಿಸಲು ಪರದಾಡುತ್ತಿದ್ದರು. ಒಂದು ರಾತ್ರಿ ಹೆಂಡತಿ ಊಟಕ್ಕೆ ಬಡಿಸಿದ ಮೆಣಸಿನಕಾಯಿ ತಿನ್ನಲು ಮನಸ್ಸಾಗದೆ, ಅದನ್ನು ಪ್ರಯೋಗಾಲಯಕ್ಕೆ ಒಯ್ದರಂತೆ. ನೋಡಿದರೆ ಅದು ವಿಟಮಿನ್ ಸಿಯ ಗಣಿ. ಕೆಲವೇ ವಾರಗಳಲ್ಲಿ ಕಿಲೋಗಟ್ಟಲೆ ತೆಗೆದರು. 1937ರಲ್ಲಿ ನೊಬೆಲ್ ಬಂತು. ಆ ಪ್ಯಾಪ್ರಿಕಾದ ಜಾತಿಗೇ ಸೇರಿದ್ದು ಬ್ಯಾಡಗಿ ಮೆಣಸಿನಕಾಯಿ: ಖಾರ ಕಡಿಮೆ, ಬಣ್ಣ ಜಾಸ್ತಿ. ಒಣಗಿದ ಮೇಲೆ ಅದರಲ್ಲಿ ವಿಟಮಿನ್ ಸಿ ಹೆಚ್ಚು ಉಳಿಯುವುದಿಲ್ಲ. ಆದರೆ ಆ ಕಡುಗೆಂಪು ಬಣ್ಣವಿದೆಯಲ್ಲ, ಕ್ಯಾಪ್ಸ್ಯಾಂಥಿನ್, ಅದು ಕ್ಯಾರಟ್ಟಿನ ಬಣ್ಣದ ಬಂಧು, ಅದೂ ಒಂದು ಆ್ಯಂಟಿ ಆಕ್ಸಿಡೆಂಟ್. ಎಣ್ಣೆಯಲ್ಲಿ ಕರಗುವ ಗುಣ ಅದರದು. ಒಗ್ಗರಣೆಗೆ ಮೆಣಸಿನಕಾಯಿ ಬಿದ್ದಾಗ ಎಣ್ಣೆ ಕೆಂಪೇರುವುದು ಅದರಿಂದಲೇ.

ಕೊಬ್ಬಿನಲ್ಲಿ ಕರಗುವ ಈ ಬಣ್ಣಗಳ ವಿಷಯದಲ್ಲಿ ನಮ್ಮ ಅಡುಗೆ ಕ್ರಮಕ್ಕೆ ಅನುಕೂಲ ಜಾಸ್ತಿ. ಅಮೆರಿಕದ ಅಯೋವಾದಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಎಣ್ಣೆಯ ಅಂಶವೇ ಇಲ್ಲದ ಡ್ರೆಸ್ಸಿಂಗ್ ಹಾಕಿದ ಹಸಿ ತರಕಾರಿ ತಿಂದವರ ರಕ್ತಕ್ಕೆ ಕ್ಯಾರೋಟಿನ್ ಸೇರಿದ್ದು ಇಲ್ಲವೆನ್ನುವಷ್ಟು ಕಡಿಮೆ. ಎಣ್ಣೆ ಇದ್ದಾಗ ಚೆನ್ನಾಗಿಯೇ ಸೇರಿತು. ಟೊಮೆಟೊದ ಲೈಕೊಪಿನ್ ಕೂಡ ಹಾಗೆಯೇ. ಹಸಿ ಹಣ್ಣಿಗಿಂತ, ಎಣ್ಣೆಯಲ್ಲಿ ಬಾಡಿಸಿ ಗೊಜ್ಜು ಮಾಡಿದಾಗ ದೇಹ ಅದನ್ನು ಸಲೀಸಾಗಿ ಹೀರುತ್ತದೆ. ಬೇಯಿಸಿದರೆ ಸತ್ವವೆಲ್ಲ ಹೋಯಿತು ಎಂದು ಕೊರಗುವವರು ಅರ್ಧ ಮಾತ್ರ ಸರಿ. ನೀರಿನಲ್ಲಿ ಕರಗುವ ವಿಟಮಿನ್ ಸಿ ಹೋಗುತ್ತದೆ, ಬೇಯಿಸಿದ ನೀರನ್ನು ಚೆಲ್ಲಿದರಂತೂ ಇನ್ನೂ ಹೆಚ್ಚು ಹೋಗುತ್ತದೆ. ಬಸ್ಸಾರು ಮಾಡುವ ಮನೆಯಲ್ಲಿ ಆ ನೀರು ಚರಂಡಿಗೆ ಹೋಗುವುದಿಲ್ಲ, ಸೊಪ್ಪು ಪಲ್ಯಕ್ಕೆ, ಬಸಿದದ್ದು ಸಾರಿಗೆ.

ಕಾಫಿಗೆ ಬರೋಣ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಇವತ್ತಿಗೂ ಕರ್ನಾಟಕದ್ದು. ಹಣ್ಣು ತರಕಾರಿಯ ಚಿತ್ರವನ್ನೇ ಎದುರಿಗಿಟ್ಟುಕೊಂಡು ಆ್ಯಂಟಿ ಆಕ್ಸಿಡೆಂಟ್ ಬಗ್ಗೆ ಯೋಚಿಸುವವರಿಗೆ ಅಚ್ಚರಿ ಕಾದಿದೆ. ನಾರ್ವೆಯಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜನರ ದಿನದ ಒಟ್ಟು ಆ್ಯಂಟಿ ಆಕ್ಸಿಡೆಂಟ್‌ನಲ್ಲಿ ಶೇ 60ಕ್ಕೂ ಹೆಚ್ಚು ಬಂದದ್ದು ಕಾಫಿಯಿಂದ. ಕಾಫಿ ಅಷ್ಟೊಂದು ಶ್ರೇಷ್ಠ ಎಂದೇನೂ ಇದರ ಅರ್ಥವಲ್ಲ. ಅಲ್ಲಿಯವರು ಕುಡಿಯುವ ಕಾಫಿ ಅಷ್ಟು, ತಿನ್ನುವ ಹಣ್ಣು ಇಷ್ಟು.

ಕಾಫಿಯೊಳಗಿನ ಮುಖ್ಯ ವಸ್ತು ಕ್ಲೋರೊಜೆನಿಕ್ ಆಮ್ಲ. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಜಾಸ್ತಿ. ಪ್ಲಾಂಟೇಷನ್ ಎ ಎಂಬ ಅರೇಬಿಕಾ ಬಿಟ್ಟು ಬೇರೆ ಮುಟ್ಟದವರಿಗೆ ಇದು ಹಿಡಿಸಲಿಕ್ಕಿಲ್ಲ. ಹುರಿಯುತ್ತ ಹೋದಂತೆ ಈ ಆಮ್ಲ ಕರಗುತ್ತದೆ. ಬೀಜ ಕಪ್ಪಗಾಗುವಷ್ಟು ಹುರಿದರೆ ಬಹುಪಾಲು ಹೋಗುತ್ತದೆ. ಅದರ ಬದಲಿಗೆ ಮೆಲನಾಯ್ಡಿನ್ ಎಂಬ ಕಂದು ವಸ್ತುಗಳು ಹುಟ್ಟುತ್ತವೆ, ಪರೀಕ್ಷೆ ಮಾಡಿದರೆ ಅವಕ್ಕೂ ಇದೇ ಗುಣ. ಹಾಲು ಹಾಕಿದರೆ ಅದರ ಪ್ರೊಟೀನು ಪಾಲಿಫೀನಾಲ್‌ಗೆ ಅಂಟಿಕೊಳ್ಳುತ್ತದೆ ನಿಜ. ಅದರಿಂದ ದೇಹಕ್ಕೆ ಸಿಗುವುದು ಕಡಿಮೆಯಾಗುತ್ತದೆಯೇ ಎಂದು ಹುಡುಕಿದವರಿಗೆ ಒಮ್ಮೆ ಹೌದು, ಒಮ್ಮೆ ಇಲ್ಲ ಎಂಬ ಉತ್ತರ ಬಂದಿದೆ. ಇಷ್ಟಕ್ಕೆ ಹೆದರಿ ಕರಿ ಕಾಫಿ ಕುಡಿಯಬೇಕಾಗಿಲ್ಲ. ಸಕ್ಕರೆಯ ಲೆಕ್ಕ ಇಟ್ಟರೆ ಸಾಕು. ಕಾಫಿ ಕುಡಿಯುವವರಲ್ಲಿ ಎರಡನೇ ಬಗೆಯ ಮಧುಮೇಹ, ಯಕೃತ್ತಿನ ಕಾಯಿಲೆ ಕಡಿಮೆ ಎಂದು ಹಲವು ದೇಶಗಳ ದೊಡ್ಡ ಸಮೀಕ್ಷೆಗಳು ತೋರಿಸಿವೆ. ಆದರೆ ಅದು ಜನರನ್ನು ವರ್ಷಗಟ್ಟಲೆ ಗಮನಿಸಿ ಕಂಡದ್ದು, ಕಾಫಿಯಿಂದಲೇ ಹಾಗಾಯಿತು ಎಂದು ರುಜುವಾತು ಮಾಡಿದ್ದಲ್ಲ.

ಇದೇ ಕ್ಲೋರೊಜೆನಿಕ್ ಆಮ್ಲ ಬದನೆಕಾಯಿಯಲ್ಲೂ ಇದೆ. ಉಡುಪಿಯ ಮಟ್ಟುಗುಳ್ಳದಿಂದ ಹಿಡಿದು ಉತ್ತರ ಕರ್ನಾಟಕದ ಎಣ್ಣೆಗಾಯಿಗೆ ಬೀಳುವ ಮುಳ್ಳುಬದನೆಯವರೆಗೆ ಎಲ್ಲದರ ತಿರುಳಿನಲ್ಲೂ ಅದೇ ಪ್ರಧಾನ ಫೀನಾಲ್. ಹೋಳು ಕಪ್ಪಾಗುವುದು ಗಾಳಿ ತಾಗಿದ ಕೂಡಲೆ ಕಿಣ್ವವೊಂದು ಅದರ ಮೇಲೆ ಕೆಲಸ ಮಾಡುವುದರಿಂದ. ಬದನೆಯಲ್ಲಿ ಸತ್ವವಿಲ್ಲ, ಬರೀ ನಂಜು ಎಂದು ಪಕ್ಕಕ್ಕಿಡುವವರು ಆ ಕಪ್ಪನ್ನು ನೋಡಿ ತರಕಾರಿ ಕೆಟ್ಟಿತು ಎಂದುಕೊಳ್ಳುತ್ತಾರೆ. ನೇರಳೆ ಬಣ್ಣದ ಬದನೆಗೆ ಸಿಪ್ಪೆಯ ಬಣ್ಣದ್ದೇ ಇನ್ನೊಂದು ಪಾಲು ಸಿಗುತ್ತದೆ.

ಬಣ್ಣವೆಂದಾಗ ಹಣ್ಣುಗಳ ನೆನಪಾಗುತ್ತದೆ. ನೇರಳೆಹಣ್ಣು ತಿಂದ ನಾಲಿಗೆಗೆ ಹತ್ತುವುದು, ದಕ್ಷಿಣ ಕನ್ನಡದ ಪುನರ್ಪುಳಿ ಎಂದರೆ ಉತ್ತರ ಕನ್ನಡದ ಮುರುಗಲು ಶರಬತ್ತಿಗೆ ಕೆಂಪು ತರುವುದು, ಎರಡೂ ಆಂಥೊಸಯನಿನ್‌ಗಳು. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ವಿಮಾನದಿಂದ ಇಳಿದು ಕೂತಿರುವ ಬ್ಲೂಬೆರಿಗೆ ಬೆಲೆ ಬಂದಿರುವುದು ಇದೇ ಬಣ್ಣದ ಹೆಸರಿನಲ್ಲಿ. ಜೂನ್ ತಿಂಗಳಲ್ಲಿ ಫುಟ್‌ಪಾತಿನ ಬುಟ್ಟಿಯಲ್ಲಿ ಅದೇ ಬಣ್ಣ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಒಂದು ಎಚ್ಚರ: ಪುನರ್ಪುಳಿಯ ಒಣಸಿಪ್ಪೆ ನೆನೆಹಾಕಿ ಮಾಡಿದ ಸಾರು, ಬಿರಿಂಡೆ ಕಡಿ ಒಂದು ಲೆಕ್ಕ, ಬಾಟಲಿಯ ಸಿರಪ್ ಬೇರೆಯೇ ಲೆಕ್ಕ. ಎರಡನೆಯದರಲ್ಲಿ ಹಣ್ಣಿಗಿಂತ ಸಕ್ಕರೆಯೇ ಮುಂದು. ಬೆಲ್ಲಕ್ಕೂ ಈ ಮಾತು ಸಲ್ಲುತ್ತದೆ. ಸಕ್ಕರೆಗಿಂತ ಬೆಲ್ಲದಲ್ಲಿ ಒಂದಿಷ್ಟು ಫೀನಾಲ್ ಜಾಸ್ತಿ ಇರುವುದು ಹೌದು, ಆದರೆ ಆ ನೆಪದಲ್ಲಿ ಹೋಳಿಗೆಯ ಸಂಖ್ಯೆ ಏರಿಸುವಂತಿಲ್ಲ.

ಧಾನ್ಯಗಳಲ್ಲಿ ಈ ಸತ್ವ ಇರುವುದು ಸಿಪ್ಪೆಯಲ್ಲಿ. ನಾವು ಮೆರುಗು ಕೊಡಿಸಿ ತೆಗೆಸುವುದೂ ಅದನ್ನೇ. ಕರಾವಳಿಯ ಕೆಂಪು ಕುಚ್ಚಲಕ್ಕಿಯ ಬಣ್ಣವೆಲ್ಲ ತೌಡಿನ ಪದರದ್ದು. ಬೆಳ್ಳಗೆ ಪಾಲಿಶ್ ಮಾಡಿದರೆ ಅದು ದನದ ಬಾನಿಗೆ ಹೋಯಿತು. ಹುರುಳಿಗೂ ಸಿಪ್ಪೆಯೇ ಆಸ್ತಿ. ಪುಣ್ಯಕ್ಕೆ ಹುರುಳಿಕಟ್ಟಿನ ಸಾರಿಗೆ ಸಿಪ್ಪೆ ತೆಗೆಯುವ ಗೋಜು ಯಾರಿಗೂ ಇಲ್ಲ. ರಾಗಿಯಂತೂ ಸಿಪ್ಪೆ ಬಿಡಿಸಲು ಬಾರದಷ್ಟು ಸಣ್ಣ ಕಾಳು, ಆದ್ದರಿಂದಲೇ ಇಡಿಯಾಗಿ ಹಿಟ್ಟಾಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಅವರ ಸಂಗಡಿಗರು ರಾಗಿಯ ಪಾಲಿಫೀನಾಲ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವು ಬಹುಮಟ್ಟಿಗೆ ಕಾಳಿನ ಹೊರಪದರದಲ್ಲೇ ಇವೆ, ಬಿಳಿ ರಾಗಿಯಲ್ಲಿ ಕಂದು ರಾಗಿಗಿಂತ ಬಹಳ ಕಡಿಮೆ. ಹಿಂದೆ ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಳ ಕಾಲ ಉಳಿಯುತ್ತಿತ್ತಲ್ಲ, ಬೂಷ್ಟನ್ನು ದೂರವಿಡುವ ಈ ಫೀನಾಲ್‌ಗಳದೂ ಅದರಲ್ಲಿ ಪಾಲಿದ್ದೀತು. ಮುದ್ದೆ ಬೆಳ್ಳಗಿರಬೇಕೆಂದು ಬಿಳಿ ರಾಗಿ ಹುಡುಕುವವರು ಬಣ್ಣದೊಡನೆ ಏನೇನು ಬಿಡುತ್ತಿದ್ದೇವೆಂದು ತಿಳಿದಿದ್ದರೆ ಒಳ್ಳೆಯದು.

ಅರಿಶಿನದ ಬಗ್ಗೆ ಬರೆಯದಿದ್ದರೆ ಓದುಗರು ಬಿಡುವುದಿಲ್ಲ. ಕರ್ಕ್ಯುಮಿನ್ ಮೇಲೆ ಬಂದಿರುವ ಪ್ರಬಂಧಗಳು ಸಾವಿರಗಟ್ಟಲೆ. ಆದರೆ ಅರಿಶಿನದಲ್ಲಿ ಅದು ಇರುವುದು ನೂರಕ್ಕೆ ಮೂರರಷ್ಟು, ಹೊಟ್ಟೆಗೆ ಹೋದದ್ದರಲ್ಲಿ ರಕ್ತಕ್ಕೆ ಸೇರುವುದು ಇನ್ನೂ ಅತ್ಯಲ್ಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ, ಕೊಟ್ಟಾಗ ದೇಹ ಅದನ್ನು ಹೀರುವುದು ಶೇ 2,000ದಷ್ಟು ಏರಿತು. ಲೋಕದ ತುಂಬ ಮಾರಾಟವಾಗುವ ಅರಿಶಿನದ ಮಾತ್ರೆಗಳ ಮೇಲೆ ‘ಕಾಳುಮೆಣಸಿನೊಂದಿಗೆ’ ಎಂದು ಬರೆಯುವುದಕ್ಕೆ ಮೂಲ ಈ ಬೆಂಗಳೂರಿನ ಪ್ರಯೋಗ. ಕೇಳಲು ಚೆಂದ. ಸ್ವಲ್ಪ ಲೆಕ್ಕ ಹಾಕಿ ನೋಡಿ: 2 ಗ್ರಾಂ ಕರ್ಕ್ಯುಮಿನ್ ಬೇಕಾದರೆ 60 ಗ್ರಾಂಗೂ ಮಿಕ್ಕಿ ಅರಿಶಿನ ಬೇಕು. ಸಾರಿಗೆ ಹಾಕುವ ಚಿಟಿಕೆ ಎಲ್ಲಿ, ಇದೆಲ್ಲಿ. ಮಾತ್ರೆಯಲ್ಲಿ ತೆಗೆದುಕೊಂಡವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ಇಟಲಿ, ಅಮೆರಿಕಗಳಲ್ಲಿ ದಾಖಲಾಗಿವೆ. ಚಿಟಿಕೆ ಅರಿಶಿನದಿಂದ ಹಾಗಾದದ್ದಿಲ್ಲ.

ಮಾತ್ರೆಯ ವಿಷಯ ಬಂದಮೇಲೆ ಫಿನ್ಲೆಂಡಿನ ಕಥೆ ಹೇಳಲೇಬೇಕು. ಕ್ಯಾರಟ್, ಸೊಪ್ಪು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದು ಗಮನಕ್ಕೆ ಬಂದಿತ್ತು. ಹಾಗಿದ್ದರೆ ಬೀಟಾ ಕ್ಯಾರೋಟಿನ್ ಅನ್ನೇ ಮಾತ್ರೆ ಮಾಡಿ ಕೊಟ್ಟರೆ? ಸಿಗರೇಟು ಸೇದುವ 29,133 ಗಂಡಸರನ್ನು ಆರಿಸಿದರು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಏನೂ ಇಲ್ಲದ ಹುಸಿ ಮಾತ್ರೆ. ಐದರಿಂದ ಎಂಟು ವರ್ಷ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ ನಂಬುವುದಕ್ಕೇ ಆಗಲಿಲ್ಲ. ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಆಕಸ್ಮಿಕವಿರಬಹುದು ಎಂದುಕೊಳ್ಳುವಷ್ಟರಲ್ಲಿ ಅಮೆರಿಕದಲ್ಲಿ 18,314 ಮಂದಿಯ ಮೇಲೆ ನಡೆಯುತ್ತಿದ್ದ ಇನ್ನೊಂದು ಪ್ರಯೋಗವನ್ನು 1996ರ ಜನವರಿಯಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸಿಗರೇಟು ಸೇದುವವರು, ಕಲ್ನಾರಿನ ಕೆಲಸ ಮಾಡಿದವರು ಸೇರಿದ್ದ ಅದರಲ್ಲಿ ಬೀಟಾ ಕ್ಯಾರೋಟಿನ್ ಜೊತೆಗೆ ವಿಟಮಿನ್ ಎ ಕೊಡುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರ್ ಶೇ 28 ಹೆಚ್ಚಾಗಿತ್ತು. 2012ರ ಹೊತ್ತಿಗೆ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯೊಂದು 78 ಪ್ರಯೋಗಗಳ, ಸುಮಾರು ಮೂರು ಲಕ್ಷ ಜನರ ಮಾಹಿತಿಯನ್ನು ಒಟ್ಟಿಗೆ ತೂಗಿ ನೋಡಿತು. ಆ್ಯಂಟಿ ಆಕ್ಸಿಡೆಂಟ್ ಮಾತ್ರೆಗಳು ಆಯುಸ್ಸು ಹೆಚ್ಚಿಸಿದ ಪುರಾವೆ ಸಿಗಲಿಲ್ಲ. ಬೀಟಾ ಕ್ಯಾರೋಟಿನ್ ಮತ್ತು ವಿಟಮಿನ್ ಇ ಸಾವನ್ನು ಒಂದಿಷ್ಟು ಹೆಚ್ಚಿಸಿರುವ ಲಕ್ಷಣ ಕಂಡಿತು.

ಏನಾಯಿತು ಇಲ್ಲಿ? ಒಂದು, ರ್‍ಯಾಡಿಕಲ್‌ಗಳು ಪೂರಾ ಶತ್ರುಗಳಲ್ಲ. ರೋಗಾಣುವನ್ನು ನುಂಗಿದ ಬಿಳಿ ರಕ್ತಕಣ ಅದನ್ನು ಕೊಲ್ಲುವುದು ಇದೇ ರ್‍ಯಾಡಿಕಲ್‌ಗಳನ್ನು ಚಿಮ್ಮಿಸಿ. ವ್ಯಾಯಾಮ ಮಾಡಿದಾಗ ಹುಟ್ಟುವ ರ್‍ಯಾಡಿಕಲ್‌ಗಳೇ ಸ್ನಾಯುಗಳಿಗೆ ಸುಧಾರಿಸಿಕೊಳ್ಳುವ ಸೂಚನೆ ಕೊಡುತ್ತವೆ. 2009ರ ಜರ್ಮನಿಯ ಪ್ರಯೋಗವೊಂದರಲ್ಲಿ ನಾಲ್ಕು ವಾರ ಕಸರತ್ತು ಮಾಡಿದ ಯುವಕರಲ್ಲಿ ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಉತ್ತಮಗೊಂಡದ್ದು ವಿಟಮಿನ್ ಸಿ ಮತ್ತು ಇ ಮಾತ್ರೆ ನುಂಗದವರಲ್ಲಿ ಮಾತ್ರ. ಜಿಮ್ಮಿನಿಂದ ಬಂದವರೇ ಡಬ್ಬಿ ತೆರೆಯುವವರು ಇದನ್ನು ಓದಬೇಕು. ಎರಡು, ಪರೀಕ್ಷಾ ನಳಿಕೆಯಲ್ಲಿ ಮಹಾಶೂರನಾದ ಪಾಲಿಫೀನಾಲ್ ಕರುಳು, ಯಕೃತ್ತು ದಾಟಿ ರಕ್ತಕ್ಕೆ ಬರುವಷ್ಟರಲ್ಲಿ ರೂಪ ಬದಲಿಸಿ, ಪ್ರಮಾಣದಲ್ಲಿ ತೀರಾ ಕುಗ್ಗಿರುತ್ತದೆ. ಸೇಬು ತಿಂದವರ ರಕ್ತದಲ್ಲಿ ಆ್ಯಂಟಿ ಆಕ್ಸಿಡೆಂಟ್ ಶಕ್ತಿ ಏರುವುದನ್ನು ನೋಡಿ ಸಂಭ್ರಮಿಸಿದವರು ಕೆದಕಿ ನೋಡಿದಾಗ ಅದು ಬಹುತೇಕ ಯೂರಿಕ್ ಆಮ್ಲದ್ದಾಗಿತ್ತು. ಹಣ್ಣಿನ ಸಕ್ಕರೆಯಿಂದ ದೇಹವೇ ತಯಾರಿಸಿದ್ದು. ಕೀಲುನೋವಿನ ಭಯಕ್ಕೆ ಲ್ಯಾಬ್ ವರದಿಯಲ್ಲಿ ನಾವು ಹುಡುಕುವ ಅದೇ ಯೂರಿಕ್ ಆಮ್ಲ ರಕ್ತದ ದೊಡ್ಡ ಆ್ಯಂಟಿ ಆಕ್ಸಿಡೆಂಟ್‌ಗಳಲ್ಲಿ ಒಂದು!

ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆ್ಯಂಟಿ ಆಕ್ಸಿಡೆಂಟ್ ಅಂಕಗಳ ತನ್ನ ಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು. ನಳಿಕೆಯ ಅಂಕಕ್ಕೂ ದೇಹದಲ್ಲಿ ಆಗುವುದಕ್ಕೂ ಸಂಬಂಧವಿಲ್ಲ, ವ್ಯಾಪಾರಿಗಳು ಇದನ್ನು ದುರುಪಯೋಗ ಮಾಡಿಕೊಳ್ಳುತ್ತಿದ್ದಾರೆ ಎಂಬುದು ಅದು ಕೊಟ್ಟ ಕಾರಣ. ಹಾಗಾದರೆ ಸೊಪ್ಪು, ಹಣ್ಣು, ಕಾಳು ತಿಂದವರು ಆರೋಗ್ಯವಾಗಿರುವುದು ಸುಳ್ಳೇ? ಅದು ಸುಳ್ಳಲ್ಲ. ನಾರು, ಪೊಟ್ಯಾಶಿಯಂ, ಫೋಲೇಟ್, ಕರುಳಿನ ಬ್ಯಾಕ್ಟೀರಿಯಾಗಳಿಗೆ ಸಿಗುವ ಮೇವು ಎಲ್ಲ ಸೇರಿ ಆಗುವ ಕೆಲಸ ಅದು. ಪಾಲಿಫೀನಾಲ್‌ಗಳು ತಾವೇ ಹೋರಾಡುವ ಬದಲು, ಜೀವಕೋಶವನ್ನು ತುಸು ಕೆಣಕಿ ಅದರದೇ ರಕ್ಷಣಾ ಕಿಣ್ವಗಳನ್ನು ಎಚ್ಚರಿಸುತ್ತವೆ ಎಂದೂ ಈಗ ಹಲವರು ನಂಬುತ್ತಾರೆ. ಬಣ್ಣವೊಂದನ್ನೇ ಹಿಂಡಿ ತೆಗೆದು ಮಾತ್ರೆ ಮಾಡಿದಾಗ ಉಳಿದವರೆಲ್ಲ ಹೊರಗೇ ನಿಂತರು.

ನಳಿಕೆಯ ಅಂಕವನ್ನು ನಂಬಿದರೆ ಎಲ್ಲಿಗೆ ಮುಟ್ಟುತ್ತೇವೆ ಎನ್ನುವುದಕ್ಕೆ ಉದಾಹರಣೆ ಮಲೆನಾಡಿನ ತೋಟದಲ್ಲೇ ಇದೆ. ಅಡಿಕೆಯಲ್ಲಿ ಕ್ಯಾಟೆಚಿನ್, ಟ್ಯಾನಿನ್‌ಗಳು ಯಥೇಚ್ಛ. ಚೊಗರು ಎಂದರೆ ಅದೇ. ಪರೀಕ್ಷೆಗೆ ಒಡ್ಡಿದರೆ ಒಳ್ಳೆಯ ಅಂಕ ಪಡೆಯುತ್ತದೆ, ‘ಅಡಿಕೆಯಲ್ಲಿ ಆ್ಯಂಟಿ ಆಕ್ಸಿಡೆಂಟ್ ಇದೆ’ ಎಂಬ ಮಾತು ಬೆಳೆಗಾರರ ಸಭೆಗಳಲ್ಲೂ ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ಅಡಿಕೆಗೆ ಸುಣ್ಣ ಸೇರಿ ಬಾಯಿ ಕ್ಷಾರವಾದಾಗ ಅದೇ ಫೀನಾಲ್‌ಗಳು ತಾವೇ ಆಮ್ಲಜನಕದೊಡನೆ ಕೂಡಿ ರ್‍ಯಾಡಿಕಲ್‌ಗಳನ್ನು ಹುಟ್ಟಿಸತೊಡಗುತ್ತವೆ. ಕೆಂಪು ಬಣ್ಣ ಏರುವುದೂ ಆ ಉತ್ಕರ್ಷಣದಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನು, ಅದರೊಡನೆ ತಂಬಾಕು ಇಲ್ಲದಿದ್ದರೂ, 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆ ನಂಬಿ ಬದುಕುವ ಲಕ್ಷಾಂತರ ಮನೆಗಳಿರುವ ರಾಜ್ಯದಲ್ಲಿ ಇದನ್ನು ಬರೆಯುವುದು ಕಷ್ಟ. ಬರೆಯದೆ ಬಿಟ್ಟರೆ ಮೇಲೆ ಬರೆದದ್ದೆಲ್ಲ ಅರ್ಧಸತ್ಯ.

ಟೀ, ಕಾಫಿ, ರಾಗಿಯ ಟ್ಯಾನಿನ್‌ಗಳಿಗೂ ಒಂದು ಕೆಟ್ಟ ಚಾಳಿಯಿದೆ. ಆಹಾರದ ಕಬ್ಬಿಣವನ್ನು ಹಿಡಿದುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. ಊಟದ ಜೊತೆಗೇ ಟೀ ಕುಡಿದರೆ ಸೊಪ್ಪು ಕಾಳುಗಳ ಕಬ್ಬಿಣದಲ್ಲಿ ದೇಹಕ್ಕೆ ಸೇರುವುದು ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಇಂಥ ಕಡೆ ತಿಂಡಿಯ ತಟ್ಟೆಯ ಪಕ್ಕದಲ್ಲೇ ಲೋಟ ಇಡುವ ರೂಢಿ ದುಬಾರಿ. ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರ ತನ್ನ ಮಾರ್ಗಸೂಚಿಯಲ್ಲಿ ಊಟಕ್ಕೆ ಒಂದು ಗಂಟೆ ಮೊದಲು ಮತ್ತು ನಂತರ ಟೀ ಕಾಫಿ ಬೇಡ, ದಿನದ ಕೆಫೀನ್ 300 ಮಿಲಿಗ್ರಾಂ ಮೀರದಿರಲಿ ಎಂದಿದೆ. 150 ಮಿಲಿಲೀಟರ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆ, ಟೀಯಲ್ಲಿ 30ರಿಂದ 65. ಇಡ್ಲಿ ಮುಗಿದ ಕೂಡಲೆ ಕಾಫಿ ಕೇಳುವ ನಮ್ಮ ಹೋಟೆಲು ಸಂಸ್ಕೃತಿಗೆ ಒಂದು ಗಂಟೆ ಬಹಳ ದೀರ್ಘ, ಗೊತ್ತು. ರಕ್ತ ಕಡಿಮೆ ಇರುವವರಾದರೂ ಪಾಲಿಸಬಹುದು. ರಾಗಿಯನ್ನು ಮೊಳಕೆ ಬರಿಸಿ ಹುರಿಹಿಟ್ಟು ಮಾಡಿದರೆ ಅದರ ಟ್ಯಾನಿನ್ ಇಳಿದು ಕಬ್ಬಿಣ ಸಡಿಲವಾಗುತ್ತದೆ.

ಅದೇ ಕಬ್ಬಿಣದ ವಿಷಯದಲ್ಲಿ ವಿಟಮಿನ್ ಸಿ ಮಾಡುವ ಉಪಕಾರದ ಬಗ್ಗೆ ವಿಜ್ಞಾನಿಗಳಲ್ಲಿ ಜಗಳವಿಲ್ಲ. ಸಸ್ಯಾಹಾರದ ಕಬ್ಬಿಣ ಹೆಚ್ಚಾಗಿ ಫೆರಿಕ್ ರೂಪದಲ್ಲಿರುತ್ತದೆ, ಕರುಳಿಗೆ ಅದು ಒಗ್ಗದು. ವಿಟಮಿನ್ ಸಿ ಒಂದು ಎಲೆಕ್ಟ್ರಾನ್ ಕೊಟ್ಟು ಅದನ್ನು ಫೆರಸ್ ಮಾಡುತ್ತದೆ, ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಎಲೆಕ್ಟ್ರಾನ್ ಕೊಡುವ ಈ ಗುಣ ಮುಪ್ಪನ್ನು ತಡೆಯುತ್ತದೆಯೋ ಇಲ್ಲವೋ, ತಟ್ಟೆಯಲ್ಲಿನ ನುಗ್ಗೆಸೊಪ್ಪಿನ ಪಲ್ಯದಿಂದ ಕಬ್ಬಿಣ ಕೊಡಿಸುವುದಂತೂ ಖಾತ್ರಿ. ಅದು ಕಬ್ಬಿಣದ ಜೊತೆಜೊತೆಗೇ, ಅದೇ ಊಟದಲ್ಲಿ ಹೊಟ್ಟೆಗೆ ಬೀಳಬೇಕು. ಬೆಳಿಗ್ಗೆ ಕುಡಿದ ನೆಲ್ಲಿ ಜ್ಯೂಸು ಮಧ್ಯಾಹ್ನದ ಸೊಪ್ಪಿಗೆ ಆಗಿಬರುವುದಿಲ್ಲ. ನಿಂಬೆರಸವನ್ನು ಕುದಿಯುವ ಪಾತ್ರೆಗೆ ಹಿಂಡಬಾರದು, ಒಲೆಯಿಂದ ಇಳಿಸಿದ ಮೇಲೆ, ಸಾಧ್ಯವಾದರೆ ಬಡಿಸುವಾಗಲೇ ಹಿಂಡಬೇಕು. ಕೋಸಂಬರಿಗೆ, ಮೊಳಕೆ ಹೆಸರುಕಾಳಿನ ಉಸಲಿಗೆ, ಹುರುಳಿ ಸಾರಿಗೆ ಅರ್ಧ ಹೋಳು ಸಾಕು. ನಿಂಬೆಗೆ ಬೆಲೆ ಏರಿದ ಬೇಸಿಗೆಯಲ್ಲಿ ಹಸಿ ಮಾವಿನಕಾಯಿ ತುರಿದು ಹಾಕಿದರೂ ನಡೆಯುತ್ತದೆ.